ನೀರಿನ ಮುಂದೆ ಸೊನ್ನೆ

ಅಪ್ಪ ಹೈಸ್ಕೂಲಿನ ಗಣಿತದ ಮೇಷ್ಟ್ರು. ಕೊಟ್ಟೂರಿನಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಒಂದು ಹಳ್ಳಿಯ ಶಾಲೆಗೆ ಹೋಗಿ ಸಂಜೆ ಬರುತ್ತಿದ್ದ. ತೊಟ್ಟಿ ಮತ್ತು ನಳದ ಲೆಕ್ಕವೆಂದರೆ ಅವನಿಗೆ ಪ್ರಾಣ. ಒಂದು ನಳ ತೊಟ್ಟಿಯನ್ನು ಮೂರು ತಾಸಿನಲ್ಲಿ ತುಂಬಿಸುತ್ತದೆ, ಇನ್ನೊಂದು ನಾಲ್ಕು ತಾಸಿನಲ್ಲಿ ಖಾಲಿ ಮಾಡುತ್ತದೆ, ಎರಡನ್ನೂ ಒಟ್ಟಿಗೆ ಬಿಟ್ಟರೆ ತೊಟ್ಟಿ ತುಂಬಲು ಎಷ್ಟು ಹೊತ್ತು? ಏಳನೇ ಕ್ಲಾಸಿನಲ್ಲೇ ನಾನು ಇದನ್ನು ಬಾಯಿಲೆಕ್ಕದಲ್ಲಿ ಹೇಳುತ್ತಿದ್ದೆ. ಹನ್ನೆರಡು ತಾಸು. ಮನೆಗೆ ಬಂದವರ ಮುಂದೆ ಅಪ್ಪ ನನ್ನನ್ನು ನಿಲ್ಲಿಸಿ ಕೇಳುತ್ತಿದ್ದ, ನಾನು ಹೇಳಿದೊಡನೆ "ನೋಡ್ರಿ, ಪೆನ್ನು ಮುಟ್ಟಿಲ್ಲ" ಎಂದು ಹಿಗ್ಗುತ್ತಿದ್ದ. ಅದೇ ಅಪ್ಪ ನಳವೇ ಇಲ್ಲದ ಮನೆ ಕಟ್ಟಿ, ಅದರ ತೊಟ್ಟಿ ತುಂಬಿಸಲು ಆರು ವರ್ಷ ನನ್ನನ್ನು ಹಚ್ಚಿದ. ಇದನ್ನು ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ.

ಅದಕ್ಕೂ ಮುಂಚೆ ನಾವು ಪೇಟೆಯಲ್ಲಿದ್ದೆವು. ಬಟ್ಟೆ ಅಂಗಡಿಗಳ ಹಿಂದಿನ ಓಣಿಯಲ್ಲಿ ಸಾಲಾಗಿ ಮೂರು ಬಾಡಿಗೆ ಮನೆ, ತುದಿಯದು ನಮ್ಮದು. ಅಂಗಳದಲ್ಲಿ ಮೂರು ಮನೆಗೂ ಸೇರಿ ಒಂದೇ ನಳ. ದಿನ ಬಿಟ್ಟು ದಿನ ನೀರು ಬರುತ್ತಿತ್ತು. ಸರದಿಗೆ ಜಗಳವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಜಗಳವೂ ಸೇರಿ ಅರ್ಧ ತಾಸಿನಲ್ಲಿ ಎಲ್ಲರ ಹಂಡೆ ಕೊಡಪಾನ ತುಂಬಿ ಮುಗಿಯುತ್ತಿತ್ತು. ನಮಗೆ ತೊಂದರೆ ಇದ್ದದ್ದು ಕರೆಂಟಿನದು. ಮೂರೂ ಮನೆಗೆ ಒಂದೇ ಮೀಟರು, ಅದು ಮನೆಯ ಒಡತಿಯ ಪಡಸಾಲೆಯಲ್ಲಿತ್ತು. ಗಂಡ ಸತ್ತ ಆ ಮುದುಕಿ ಬಲ್ಬೊಂದಕ್ಕೆ ತಿಂಗಳಿಗೆ ಇಷ್ಟು ಎಂದು ವಸೂಲಿ ಮಾಡುತ್ತಿದ್ದಳು. ನಮಗಿದ್ದದ್ದು ಎರಡು ಬಲ್ಬು. ಮಧ್ಯಾಹ್ನ ಮೋಡ ಕವಿಯಿತೆಂದು ಲೈಟು ಹಾಕಿದರೆ ಅಂಗಳದಿಂದಲೇ ಕೂಗುತ್ತಿದ್ದಳು.

"ಮೇಷ್ಟ್ರ, ಹಗಲು ಹೊತ್ತಿನಾಗ ಲೈಟ್ ಯಾಕ ಹಾಕ್ತೀರಿ? ಇಲ್ಲಿ ಮೀಟರ್ ಗಿರಗಿರ ತಿರಗಾಕತ್ತೈತಿ!"

ಇಸ್ತ್ರಿಪೆಟ್ಟಿಗೆಗಂತೂ ಪೂರ್ತಿ ನಿಷೇಧ. ಶಾಲೆಗೆ ಸಾಹೇಬರು ತಪಾಸಣೆಗೆ ಬರುವ ದಿನ ಅಪ್ಪ ಬಾಗಿಲು ಮುಂದೆ ಮಾಡಿಕೊಂಡು ಕದ್ದು ಅಂಗಿ ಇಸ್ತ್ರಿ ಮಾಡಲು ಹೋದ. ಫ್ಯೂಸು ಹೋಯಿತು. ಮುದುಕಿ ನೆಟ್ಟಗೆ ಒಳಗೆ ಬಂದು, ಅರ್ಧ ಇಸ್ತ್ರಿಯಾದ ಅಂಗಿಯನ್ನು ಎತ್ತಿ ಹಿಡಿದು, ಮೂರು ಮನೆಯವರು ನೋಡುವ ಹಾಗೆ ಬೈದಳು. ಅಪ್ಪ ಆ ಅಂಗಿಯನ್ನೇ ತೊಟ್ಟು ಹೋದ. ಹದಿನೈದು ದಿನದಲ್ಲಿ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಸೈಟು ನೋಡಿ ಬಂದ.

ಅಪ್ಪ ಏನನ್ನೇ ಮಾಡಲಿ, ಮೊದಲು ಕಾಗದದ ಮೇಲೆ ಮಾಡಬೇಕು. ಹಳೆಯ ಪ್ರಶ್ನೆಪತ್ರಿಕೆಯೊಂದರ ಹಿಂಬದಿಗೆ ನಡುವೆ ಗೆರೆ ಎಳೆದು ಎಡಕ್ಕೆ ಪೇಟೆ, ಬಲಕ್ಕೆ ಬಡಾವಣೆ ಎಂದು ಬರೆದ. ಎಡಕ್ಕೆ ಬಾಡಿಗೆ, ಬಲ್ಬಿನ ದುಡ್ಡು, ನಳದ ಪಾಲು. ಬಲಕ್ಕೆ ಬಾಡಿಗೆ ಇಲ್ಲ, ಸ್ವಂತ ಮೀಟರಿನ ಕರೆಂಟು ಅರ್ಧಕ್ಕರ್ಧ ಕಡಿಮೆ, ನೀರಿನ ಮುಂದೆ ಒಂದು ದುಂಡನೆಯ ಸೊನ್ನೆ.

"ನೀರಿಗೆ ಯಾಕಪ್ಪಾ ಸೊನ್ನಿ?" ಎಂದೆ.

"ಬೋರಿಂಗ್ ಐತಲ್ಲ, ಸರಕಾರದ್ದು. ಫುಕಟ್."

ಎರಡೂ ಕಡೆಯ ಮೊತ್ತವನ್ನು ಕೂಡಿಸಿದವಳು ನಾನೇ. ಉತ್ತರದ ಕೆಳಗೆ ಸ್ಕೇಲು ಇಟ್ಟು ಎರಡು ಗೆರೆ ಎಳೆದವಳೂ ನಾನೇ. ಆಗ ಒಂಬತ್ತನೇ ಕ್ಲಾಸು. ನಮ್ಮದೇ ಲೈಟಿನ ಕೆಳಗೆ ಎಷ್ಟು ಹೊತ್ತಾದರೂ ಓದಬಹುದು ಎಂಬ ಆಸೆಯಲ್ಲಿ ನನಗೆ ಆ ಸೊನ್ನೆ ಬಹಳ ಚಂದ ಕಂಡಿತು.

ಬಡಾವಣೆಯಲ್ಲಿ ಕರೆಂಟಿನ ವಿಷಯದಲ್ಲಿ ಅಪ್ಪ ಹೇಳಿದ್ದು ನಿಜವೇ ಆಯಿತು. ಮೊದಲ ಬಿಲ್ಲನ್ನು ಅವನು ಲಗ್ನಪತ್ರಿಕೆಯಂತೆ ಕಂಡಕಂಡವರಿಗೆ ತೋರಿಸಿದ. ಪೇಟೆಗೆ ಹೋಗಿ ಆ ಮುದುಕಿಗೂ ತೋರಿಸಿ ಬಂದ. ಅವ್ವ ಸಂತೆಗೆ ಹೋಗಿ ಬರುವ ಆಟೋದ ಖರ್ಚು, ಗ್ಯಾಸಿನ ಸಿಲಿಂಡರು ಬಡಾವಣೆಗೆ ಬರದೆ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ತರುವ ಪಾಡು, ಬೀದಿದೀಪವಿಲ್ಲದ್ದಕ್ಕೆ ಟಾರ್ಚಿನ ಸೆಲ್ಲು, ಇವು ಯಾವುವೂ ಆ ಕಾಗದದಲ್ಲಿ ಇರಲಿಲ್ಲ. ಇರಲಿ, ಅವನ್ನು ನಾನು ದೊಡ್ಡದು ಮಾಡುವುದಿಲ್ಲ. ದೊಡ್ಡದು ನೀರು.

ಬೋರಿಂಗಿನ ಕೈಪಂಪು ಮನೆಯಿಂದ ಎರಡು ಫರ್ಲಾಂಗು. ದಿನಕ್ಕೆ ಹದಿನಾಲ್ಕು ಕೊಡ ಬೇಕು. ಅವ್ವನಿಗೆ ಗರ್ಭಕೋಶದ ಆಪರೇಷನ್ ಆಗಿತ್ತು, ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ಅವಳ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ನನಗಿಂತ ಮೂರು ವರ್ಷಕ್ಕೆ ಚಿಕ್ಕವನು, ಎಮ್ಮೆಯಂತೆ ಗಟ್ಟಿಯಾಗಿದ್ದ. ಅವನನ್ನು ಕಳಿಸು ಎಂದರೆ ಅವ್ವ, "ಗಂಡು ಹುಡುಗ ಕೊಡ ಹೊತ್ಕೊಂಡು ಹೋದ್ರ ಮಂದಿ ನಗ್ತಾರ ಬಿಡ" ಎನ್ನುತ್ತಿದ್ದಳು. ಈ ಮಾತಿನ ಮಟ್ಟಿಗೆ ಅವ್ವನ ಮೇಲೂ ಸಿಟ್ಟಿದೆ. ಅಪ್ಪ ಎರಡು ಭಾನುವಾರ ಸೈಕಲ್ಲಿಗೆ ಕೊಡ ಕಟ್ಟಿ ತಂದ. ಎರಡನೇ ಭಾನುವಾರ ಅವನ ಶಾಲೆಯ ಹುಡುಗರಿಬ್ಬರು ದಾರಿಯಲ್ಲಿ ಎದುರಾಗಿ "ನಮಸ್ಕಾರ ಸಾರ್" ಎಂದರು. ಮೂರನೇ ಭಾನುವಾರ ಅವನಿಗೆ ಹೆಗಲು ನೋವು ಬಂತು. ಆಮೇಲೆ ಆ ಹೆಗಲು ವಾಸಿಯಾಗಲೇ ಇಲ್ಲ.

ಹೀಗೆ ತಲೆಯ ಮೇಲೊಂದು, ಸೊಂಟದಲ್ಲೊಂದು, ಏಳು ಸಲ. ಎಸ್ಸೆಸ್ಸೆಲ್ಸಿಯವರೆಗೆ ನಡೆಯಿತು. ಗಣಿತದಲ್ಲಿ ಶಾಲೆಗೇ ಮೊದಲು ಬಂದೆ. ಅಪ್ಪ ಪೇಡೆ ಹಂಚಿದ, ಪಿಯುಸಿ ಸೈನ್ಸಿಗೆ ಸೇರಿಸಿದ. ಬಿ.ಎಸ್ಸಿ. ಮಾಡಿ ಅಪ್ಪನ ಹಾಗೆ ಗಣಿತ ಕಲಿಸಬೇಕು, ಇದೊಂದೇ ನನಗಿದ್ದ ಆಸೆ. ಅದನ್ನು ಅಪ್ಪನೂ ಬಲ್ಲ.

ಆ ವರ್ಷವೇ ಬೋರಿಂಗು ಬತ್ತಿತು. ಹ್ಯಾಂಡಲು ಎಷ್ಟು ಒತ್ತಿದರೂ ಗಾಳಿಯ ಸದ್ದು ಮಾತ್ರ. ಬಡಾವಣೆಯ ಹೆಂಗಸರೆಲ್ಲ ಪಕ್ಕದ ಹೊಲದ ಪಂಪ್‌ಸೆಟ್ಟಿಗೆ ಹೋಗತೊಡಗಿದೆವು. ಹೊಲದವನು ಒಳ್ಳೆಯವನು, ಉಳ್ಳಾಗಡ್ಡಿಗೆ ನೀರು ಬಿಡುವಾಗ ತಡೆಯದೆ ತುಂಬಿಕೊಳ್ಳಲು ಬಿಡುತ್ತಿದ್ದ. ಆದರೆ ಪಂಪು ಓಡಲು ತ್ರೀ ಫೇಸ್ ಕರೆಂಟು ಬೇಕು. ಪೇಟೆಯ ಲೈನಿನಿಂದ ಬರುವ ನಮ್ಮ ಮನೆಯ ಲೈಟು ಸದಾ ಉರಿಯುತ್ತಿತ್ತು. ಹೊಲದ ಲೈನಿಗೆ ಮಾತ್ರ ಪಾಳಿ. ಒಂದು ವಾರ ನಸುಕಿನಲ್ಲಿ, ಇನ್ನೊಂದು ವಾರ ಹಗಲು ಹತ್ತರ ಮೇಲೆ.

"ಈ ವಾರ ಹಗಲು ಪಾಳಿ ಬಿದ್ದೈತವ್ವಾ, ಹತ್ತಕ್ಕ ಬಾ" ಎಂದು ಹೊಲದವನು ಹೇಳಿದನೆಂದರೆ ಆ ವಾರದ ನನ್ನ ಕಾಲೇಜು ಮುಗಿಯಿತು. ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಹತ್ತೂವರೆಗೆ. ಅಲ್ಲಿ ಹುಡುಗಿಯರು ಪ್ರನಾಳ ಹಿಡಿದು ಬಣ್ಣ ನೋಡುತ್ತಿರುವಾಗ ನಾನಿಲ್ಲಿ ಕೆಸರಿನಲ್ಲಿ ನಿಂತು ಪೈಪಿನ ಬಾಯಿಗೆ ಕೊಡ ಹಿಡಿದಿರುತ್ತಿದ್ದೆ. ಪೇಟೆಯಲ್ಲಿ ನೀರಿದ್ದು ಬೆಳಕಿರಲಿಲ್ಲ, ಇಲ್ಲಿ ಬೆಳಕಿದ್ದು ನೀರಿರಲಿಲ್ಲ. ಸಂಜೆ ನನ್ನದೇ ಲೈಟಿನ ಕೆಳಗೆ ಪುಸ್ತಕ ತೆರೆದರೆ ಕತ್ತು ನಿಲ್ಲುತ್ತಿರಲಿಲ್ಲ, ಎರಡನೇ ಪುಟಕ್ಕೆ ನಿದ್ದೆ ಬರುತ್ತಿತ್ತು.

ಅಷ್ಟರಲ್ಲಿ ಬಡಾವಣೆಯ ಮುಖ್ಯ ರಸ್ತೆಯಲ್ಲಿ ನೀರಿನ ಪೈಪು ಹಾಕಿದರು. ಬೇಕೆಂದವರು ಡಿಪಾಜಿಟ್ ಕಟ್ಟಿ, ತಮ್ಮ ಖರ್ಚಿನಲ್ಲಿ ಮನೆತನಕ ಅಗೆಸಿ ನಳ ಹಾಕಿಸಿಕೊಳ್ಳಬಹುದಿತ್ತು. ಎದುರಿನ ಮನೆಯವರು ಹಾಕಿಸಿಯೇಬಿಟ್ಟರು. ನನ್ನ ಖುಷಿ ಹೇಳತೀರದು. ಅಪ್ಪನನ್ನು ಅಪ್ಪನ ದಾರಿಯಲ್ಲೇ ಒಪ್ಪಿಸಬೇಕೆಂದು ನಾನೂ ಒಂದು ಕಾಗದ ತೆಗೆದುಕೊಂಡೆ. ದಿನಕ್ಕೆ ಏಳು ಸಲ, ಸಲಕ್ಕೆ ಇಪ್ಪತ್ತು ನಿಮಿಷ, ಒಟ್ಟು ಎರಡು ತಾಸು ಇಪ್ಪತ್ತು ನಿಮಿಷ. ತಿಂಗಳಿಗೆ ಎಪ್ಪತ್ತು ತಾಸು. ಅದರ ಕೆಳಗೆ ನಾನು ತಪ್ಪಿಸಿಕೊಂಡ ಪ್ರಾಕ್ಟಿಕಲ್‌ಗಳ ಪಟ್ಟಿ. ಅಂದವಾಗಿ ಬರೆದು ಅಪ್ಪನ ಚಹಾದ ಲೋಟದ ಪಕ್ಕದಲ್ಲಿಟ್ಟೆ.

ಅಪ್ಪ ಓದಿದ. ಜೇಬಿನಿಂದ ಕೆಂಪು ಪೆನ್ನು ತೆಗೆದು ಗುಣಾಕಾರವನ್ನು ತಾಳೆ ನೋಡಿ ಪಕ್ಕಕ್ಕೆ ಸರಿ ಗುರುತು ಹಾಕಿದ.

"ಲೆಕ್ಕ ಸರಿ ಐತಿ" ಎಂದ. "ಆದ್ರ ನಳದ್ದು ರೂಪಾಯಿನಾಗ ಐತಿ, ನಿಂದು ತಾಸಿನಾಗ ಐತಿ. ಎರಡನ್ನೂ ಹೆಂಗ ಹೋಲಿಸೋದು? ನಿನ್ನ ಹೊತ್ತಿಗೆ ರೇಟ್ ಏನು, ಹೇಳು."

ಹದಿನೇಳು ವರ್ಷದ ಹುಡುಗಿಗೆ ತನ್ನ ಹೊತ್ತಿನ ರೇಟು ಎಲ್ಲಿಂದ ಗೊತ್ತಿರಬೇಕು? ಅಪ್ಪ ಹಾಸ್ಯಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಉತ್ತರಕ್ಕೆ ಕಾದ, ಬರದಿದ್ದಾಗ "ಬರೋ ನೀರಿಗೆ ರೊಕ್ಕ ಯಾಕ ಕೊಡಬೇಕು? ಇನ್ನೊಂದು ಮಳಿ ಆದ್ರ ಬೋರಿಂಗ್ ಚಾಲೂ ಆಗ್ತೈತಿ" ಎಂದು ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟ.

ಮಳೆ ಬಂತು, ಬೋರಿಂಗಿನಲ್ಲಿ ನೀರು ಬರಲಿಲ್ಲ. ಫೆಬ್ರುವರಿಯಲ್ಲಿ ಹಾಜರಿ ಸಾಲದವರ ಪಟ್ಟಿಯನ್ನು ಕಾಲೇಜಿನ ಹಲಗೆಗೆ ಅಂಟಿಸಿದರು, ನನ್ನ ಹೆಸರಿತ್ತು. ಪರೀಕ್ಷೆಗೆ ಕೂರಿಸಲಿಲ್ಲ. ಅಪ್ಪ ಕಾಲೇಜಿಗೆ ಬಂದು ಕೇಳಿಕೊಳ್ಳುತ್ತಾನೆ ಎಂದು ಕಾದೆ. ಅವನ ಹಳೆಯ ಶಿಷ್ಯರೊಬ್ಬರು ಅಲ್ಲೇ ಲೆಕ್ಚರರು, ಒಂದು ಮಾತು ಹೇಳಿದ್ದರೆ ದಾರಿ ಸಿಗುತ್ತಿತ್ತೇನೋ. ಅಪ್ಪ ಬರಲಿಲ್ಲ. ಹಾಜರಿಯ ವಿಷಯದಲ್ಲಿ ತಾನೂ ಶಾಲೆಯಲ್ಲಿ ಕಟ್ಟುನಿಟ್ಟು, ಮಗಳಿಗಾಗಿ ಹೇಗೆ ಕೇಳಲಿ ಎಂದ. ಖಾಸಗಿಯಾಗಿ ಆರ್ಟ್ಸ್ ಕಟ್ಟಿದರಾಯಿತು ಎಂದ. ಆರ್ಟ್ಸಿನಲ್ಲಿ ಗಣಿತವಿಲ್ಲ. ನಾನು ಯಾವುದನ್ನೂ ಕಟ್ಟಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನ ಪಾಲಿಗೆ ತುತ್ತನ್ನು ಕಿತ್ತುಕೊಂಡ ಕೈ ಯಾವುದೆಂದೂ ಗೊತ್ತಿತ್ತು. ಆ ಸಂಜೆಯೂ ಅಪ್ಪ ಓಣಿಯ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಪುಕ್ಕಟೆ ಪಾಠ ಹೇಳಿದ. ಊರಿಗೆ ಉಪಕಾರಿ, ಮನೆಗೆ ಮಾರಿ.

ಮುಂದಿನ ವರ್ಷಗಳಲ್ಲಿ ನಾನು ಪೂರ್ತಿ ನೀರಿನವಳಾದೆ. ಯಾರಾದರೂ ಬಂದು, ಈ ಬಡಾವಣೆಯಲ್ಲಿ ಹೇಗೆ ಜೀವನ ಮಾಡುತ್ತೀರಿ ಮೇಷ್ಟ್ರೇ ಎಂದರೆ ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ, "ಇಲ್ಲಿಗೆ ಬಂದ ಮ್ಯಾಲೆ ನೀರಿಗಂತ ಒಂದು ರೂಪಾಯಿ ಖರ್ಚು ಮಾಡಿಲ್ರಿ." ನಾನು ಆಗ ಹಿಂದೆಯೇ ಕೊಡ ಇಳಿಸುತ್ತಿದ್ದರೂ ಅಪ್ಪನಿಗೆ ಆ ಮಾತಿನಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

ಹಡಗಲಿ ಕಡೆಯವರು ನನ್ನನ್ನು ನೋಡಲು ಬಂದರು. ಹುಡುಗನ ತಾಯಿ ಓದಿನ ಬಗ್ಗೆ ಕೇಳಿದಾಗ ಅಪ್ಪ, "ಎಸ್ಸೆಸ್ಸೆಲ್ಸಿ ಆಗೈತ್ರಿ. ಕೆಲಸದಾಗ ಭಾಳ ಗಟ್ಟಿ. ದಿನಾ ಹದಿನಾಲ್ಕು ಕೊಡ ನೀರು ತರ್ತಾಳ, ಒಂದಿನ ಬ್ಯಾಸರ ಅಂದಿಲ್ಲ" ಎಂದ. ಅವರ ಮುಂದೆ ನನಗೆ ತೊಟ್ಟಿ ನಳದ ಲೆಕ್ಕ ಕೇಳಲಿಲ್ಲ. ಮಾತುಕತೆ ಮುಗಿಯಿತು, ಮದುವೆಯೂ ಆಯಿತು.

ಮದುವೆಯಾಗಿ ತಿಂಗಳಿಗೆ ಮೊದಲ ಸಲ ತವರಿಗೆ ಬಂದೆ. ಬಾಗಿಲಲ್ಲಿ ಯಾರಾದರೂ ಕಾಲಿಗೆ ತಂಬಿಗೆ ನೀರು ತರುತ್ತಾರೆಂದು ನಿಂತೆ. ತಮ್ಮ ಒಳಗಿನಿಂದಲೇ ಕೂಗಿದ, "ಅಕ್ಕಾ, ಅಲ್ಲೇ ನಳ ಐತಿ ನೋಡು, ಕಾಲು ತೊಳಕಾ."

ತೊಟ್ಟಿಯ ಪಕ್ಕದಲ್ಲಿ ಹೊಸ ಪೈಪು ಎದ್ದು ನಿಂತಿತ್ತು. ತುದಿಗೆ ಹಿತ್ತಾಳೆಯ ನಳ. ಬುಡದ ಸಿಮೆಂಟು ಇನ್ನೂ ಹಸಿರುಬೂದಿ ಬಣ್ಣದಲ್ಲೇ ಇತ್ತು. ಆರು ವರ್ಷ ಆಗದೇ ಇದ್ದದ್ದು ಒಂದು ತಿಂಗಳಲ್ಲಿ ಆಗಿತ್ತು.

"ಯಾವಾಗ ಹಾಕ್ಸಿದ್ಯಪ್ಪಾ?" ಎಂದೆ.

"ನೀ ಹೋದ ವಾರಕ್ಕ" ಎಂದ ಅಪ್ಪ, ಏನೂ ಆಗದವನಂತೆ. "ನೀರು ತರಾಕ ಯಾರಿಲ್ಲಲ್ಲ. ಹಿಂದಿನ ಓಣಿಯ ಹೆಣ್ಮಗಳನ್ನ ಕೇಳಿದೆ. ಕೊಡಕ್ಕ ಒಂದು ರೂಪಾಯಿ ಅಂದಳು. ದಿನಕ್ಕ ಹದಿನಾಲ್ಕು, ತಿಂಗಳಿಗೆ ನಾಕುನೂರಾ ಇಪ್ಪತ್ತು ಆತು! ಹಂಗ ನೋಡಿದ್ರ ನಳಾನ ಭಾಳ ಸೋವಿ."

ಅವನು ಬೆರಳು ಮಡಚಿ ಲೆಕ್ಕ ಹೇಳುತ್ತಿದ್ದ. ನಾನು ಕಾಲು ತೊಳೆಯುತ್ತಿದ್ದೆ. ನಳ ನಿಲ್ಲಿಸಿ ಎದ್ದು ನಿಂತೆ.

"ಅಂದ್ರ ನನ್ನ ಹೊತ್ತಿಗೆ ರೇಟ್ ಇತ್ತಲ್ಲಪ್ಪಾ" ಎಂದೆ. "ದಿನಕ್ಕ ಹದಿನಾಲ್ಕು ರೂಪಾಯಿ."

ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಅವನ ಮುಖ ಅರಳಿತು. ಏಳನೇ ಕ್ಲಾಸಿನಲ್ಲಿ ನಾನು ಹನ್ನೆರಡು ತಾಸು ಎಂದಾಗ ಅರಳುತ್ತಿದ್ದ ಹಾಗೆಯೇ. ಅಡುಗೆಮನೆಯ ಕಡೆ ತಿರುಗಿ ಅವ್ವನಿಗೆ ಕೂಗಿ ಹೇಳಿದ, "ಕೇಳಿದ್ಯೇನ, ಮಗಳು ಇನ್ನೂ ಬಾಯಿಲೆಕ್ಕ ಮರ್ತಿಲ್ಲ!"