ಅಕ್ಕನ ತೋಳಿನ ಎರಡು ಗೆರೆಗಳು

ನಮ್ಮ ಅಕ್ಕ ಕೋಯಮತ್ತೂರಿನಿಂದ ಪೆರಿಯನಾಯಕನಪಾಳ್ಯಂಗೆ ಹೋಗುವ ದಾರಿಯ ಒಂದು ಗಿರಣಿಯಲ್ಲಿ ನೂಲು ಸುತ್ತುವ ಕೆಲಸಕ್ಕೆ ಹೋಗುತ್ತಾಳೆ. ದಿನವೆಲ್ಲ ಬಲಗೈಯಲ್ಲಿ ರಾಟೆಯ ಹಿಡಿ ತಿರುಗಿಸಬೇಕು. ಸಂಜೆ ಮನೆಗೆ ಬಂದಾಗ ಆ ಕೈಯಲ್ಲಿ ನೀರಿನ ಲೋಟವೂ ನಿಲ್ಲುವುದಿಲ್ಲ. ಯಾವ ದಿನ ಲೋಟ ಜಾರಿತು, ಯಾವ ದಿನ ಜಾರಲಿಲ್ಲ ಎಂದು ನಾನು ದಿನಚರಿಯಲ್ಲಿ ಗುರುತು ಹಾಕುತ್ತಿದ್ದೆ. ತೇದಿ ಹಾಕಿ ಲೆಕ್ಕ ಇಡುವುದು ನನ್ನ ಚಾಳಿ.

"ನಾನು ಸತ್ರೂ ತೇದಿ ಹಾಕಿ ಬರಕೊಳ್ತೀಯ ತಂಬಿ, ಅಳೋಕೆ ಮರೀಬೇಡ" ಎಂದು ಅಕ್ಕ ನಗುತ್ತಿದ್ದಳು.

ಸಾವಿರದ ಒಂಬೈನೂರ ಮೂವತ್ತೈದನೆಯ ಇಸವಿಯಲ್ಲಿ, ತಮಿಳರ ಮಾಸಿ ತಿಂಗಳಲ್ಲಿ, ನೂಲು ಸುತ್ತುವ ಹೆಂಗಸರು, ಮಧ್ಯಾಹ್ನದ ಊಟದ ಹೊತ್ತಲ್ಲದೆ ಬೆಳಿಗ್ಗೆಯೂ ಸ್ವಲ್ಪ ಬಿಡುವು ಬೇಕೆಂದು ಮ್ಯಾನೇಜರನ್ನು ಕೇಳಿದರು. ಇದು ದಣಿವೋ ಸೋಮಾರಿತನವೋ ಬಲ್ಲವರನ್ನು ಕೇಳುತ್ತೇನೆ ಎಂದು ಅವನು ಕೋಯಮತ್ತೂರಿನ ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರಿಗೆ ಹೇಳಿಕಳಿಸಿದ. ಸುದ್ದಿ ಕೇಳಿ ನನಗೆ ಹಬ್ಬವಾಯಿತು. ಆ ಮೇಷ್ಟ್ರು ನನ್ನವರು.

ಅವರು ಮೈಸೂರು ಕಡೆಯಿಂದ ಬಂದವರು. ಕಾಲೇಜಿನಲ್ಲಿ ನಡೆಯುವುದೆಲ್ಲ ಇಂಗ್ಲಿಷು, ತಮಿಳು. ನಮ್ಮ ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಆದರೆ ಓದಬಲ್ಲವರು ಒಬ್ಬರೂ ಇರಲಿಲ್ಲ. ಒಮ್ಮೆ ಕಪ್ಪೆ ಕೊಯ್ಯುವ ತಟ್ಟೆ ತೊಳೆಯುತ್ತ ನಾನು ಗೊಣಗಿದ್ದನ್ನು ಕೇಳಿ, "ಅರೆ, ನೀನು ನಮ್ಮವನೇನಯ್ಯ!" ಎಂದವರು ಅಂದಿನಿಂದ ಪ್ರತಿ ಶನಿವಾರ ನನಗೆ ಅಕ್ಷರ ಕಲಿಸಿದರು. ಇದನ್ನು ಬರೆಯುತ್ತಿರುವುದೂ ಅದೇ ಅಕ್ಷರಗಳಲ್ಲಿ.

ಸ್ನಾಯುವಿನ ಪಾಠವನ್ನು ಅವರಂತೆ ಹೇಳುವವರನ್ನು ನಾನು ಕಂಡಿಲ್ಲ. ಕಪ್ಪೆಯ ಕಾಲಿನ ಸ್ನಾಯುವಿಗೆ ವಿದ್ಯುತ್ತು ಮುಟ್ಟಿಸಿದರೆ ಅದು ಕುಗ್ಗಿ ಒಂದು ಮುಳ್ಳನ್ನು ಎತ್ತುತ್ತದೆ. ಮಸಿ ಹಿಡಿಸಿದ ಕಾಗದ ಸುತ್ತಿದ ಉರುಳೆಯ ಮೇಲೆ ಆ ಮುಳ್ಳು ಬಿಳಿ ಗೆರೆ ಗೀಚುತ್ತದೆ. ಮತ್ತೆ ಮತ್ತೆ ಮುಟ್ಟಿಸಿದರೆ ಗೆರೆ ಗಿಡ್ಡವಾಗುತ್ತ ಕೊನೆಗೆ ಮಲಗಿಬಿಡುತ್ತದೆ. "ಎಳೆಯೊಳಗೆ ಕೂಡಿಟ್ಟ ಸಕ್ಕರೆ ಆಮ್ಲವಾಗುತ್ತದೆ. ಅದಕ್ಕೂ ಮೊದಲು ರಂಜಕ ಸೇರಿದ ಒಂದು ವಸ್ತು ಒಡೆದು ತಟ್ಟನೆ ಬಲ ಕೊಡುತ್ತದೆ ಎಂದು ಈಚೆಗೆ ಕಂಡುಕೊಂಡಿದ್ದಾರೆ. ಸ್ವಲ್ಪ ಬಿಡುವು, ಸ್ವಲ್ಪ ಗಾಳಿ ಸಿಕ್ಕರೆ ಅದು ಮತ್ತೆ ಕಟ್ಟಿಕೊಳ್ಳುತ್ತದೆ. ಬಿಡುವು ಕೊಡದೆ ದುಡಿಸಿದರೆ ಸ್ನಾಯು ಸುಳ್ಳು ಹೇಳುವುದಿಲ್ಲ, ನಿಂತುಬಿಡುತ್ತದೆ" ಎಂದಿದ್ದರು. ಹೀಗೆ ಹೇಳುವವರು ಅಕ್ಕನ ಪರವಾಗಿಯೇ ಮಾತಾಡುತ್ತಾರೆ ಎಂದು ನಾನು ನಂಬಿದೆ.

ಅಕ್ಕನೂ ಅದೇ ಗಿರಣಿಯವಳು ಎಂದು ನಾನು ಹೇಳಿದಾಗ, ಅವಳ ಕೈಯನ್ನೇ ಅಳೆಯೋಣ ಎಂದರು ಮೇಷ್ಟ್ರು. ಅಮಾವಾಸ್ಯೆಗೆ ಮನೆಗೆ ಬನ್ನಿ ಎಂದು ನಾನೇ ಕರೆದೆ. ಅಮಾವಾಸ್ಯೆಯ ದಿನ ನಮ್ಮ ನೇಕಾರರ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ, ರಾಟೆ ಮುಟ್ಟುವುದಿಲ್ಲ. ಗಿರಣಿಗೆ ಹೋಗುವವರೂ ಆ ದಿನದ ಕೂಲಿ ಬಿಟ್ಟು ಮನೆಯಲ್ಲೇ ಇರುತ್ತಾರೆ. ನೆಂಟರನ್ನು ಕರೆಯುವುದು ಆ ದಿನವೇ. ದಣಿವು ಅಳೆಯಲು ಬಿಡುವಿನ ದಿನ ಕರೆದಿದ್ದೇವೆ ಎಂಬುದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಊಟವಾದ ಮೇಲೆ ಮೇಷ್ಟ್ರು ಅಕ್ಕನ ನಡುಬೆರಳಿಗೆ ದಾರ ಕಟ್ಟಿ, ಗಾಲಿಯ ಮೇಲಿಂದ ಅದಕ್ಕೊಂದು ತೂಕ ಇಳಿಬಿಟ್ಟು, ಮಸಿ ಉರುಳೆಯ ಮುಳ್ಳನ್ನೂ ಆ ದಾರಕ್ಕೆ ಸೇರಿಸಿದರು.

"ಇದೇನು ಸಾರ್, ಬೆರಳಲ್ಲಿ ನೀರು ಸೇದಿಸ್ತೀರಾ?" ಎಂದಳು ಅಕ್ಕ.

"ಎಳೀ ಎಳೀ. ಮನೆಗೆ ಬಂದವರ ಮುಂದೆ ಸೋತು ಮಾನ ತೆಗೀಬೇಡ" ಎಂದಳು ಅಜ್ಜಿ, ಒಳಗಿನಿಂದ.

ಅಕ್ಕ ಎಳೆದೇ ಎಳೆದಳು. ಗೆರೆ ತಗ್ಗಲಿಲ್ಲ.

ಬಸ್ಸಿನವರೆಗೆ ಅವರನ್ನು ಕಳಿಸಲು ಹೋಗುವಾಗ ನನಗೆ ತಪ್ಪು ಹೊಳೆದು ಹೇಳಿದೆ. ಅವರು ನಕ್ಕರು. "ಒಳ್ಳೆಯದೇ ಆಯಿತು ಕಣಯ್ಯ. ಇದು ದಣಿಯದ ಕೈ. ಇನ್ನು ದಣಿದ ಕೈಯ ಗೆರೆ ತೆಗೆಯೋಣ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮ್ಯಾನೇಜರು ಬಾಯಿ ತೆರೆಯುವ ಹಾಗಿಲ್ಲ."

ಹೇಳಿದಂತೆ ಮುಂದಿನ ಶುಕ್ರವಾರ ಸಂಜೆ ಬಂದರು. ಅಕ್ಕ ಆಗತಾನೇ ಗಿರಣಿಯಿಂದ ಬಂದು ಕಾಲು ತೊಳೆದಿದ್ದಳು. ಈ ಸಲ ಗೆರೆ ಬೇಗಬೇಗ ಇಳಿದು, ಕೊನೆಗೆ ಮುಳ್ಳು ಬರೀ ನಡುಗಿತು. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಎಳೆಸಿದಾಗ ಅರ್ಧದಷ್ಟು ಎದ್ದಿತು. "ಈ ಹೆಂಗಸರು ಕೇಳುತ್ತಿರುವುದು ಇಷ್ಟನ್ನೇ" ಎಂದರು ಮೇಷ್ಟ್ರು. ಅಕ್ಕ ಅವರ ಕಾಲಿಗೆ ಬಿದ್ದಳು.

ಗಿರಣಿಗೆ ಅವರ ಚೀಲ ಹೊತ್ತುಕೊಂಡು ಹೋದವನು ನಾನೇ. ಮ್ಯಾನೇಜರ ಮೇಜಿನ ಮೇಲೆ ಅವರು ಒಂದೇ ಕಾಗದ ಬಿಚ್ಚಿದರು. ಪಳಗಿದ ಕೆಲಸಗಾತಿಯ ತೋಳು ಇದು, ಇದರಲ್ಲಿ ದಣಿವಿನ ಗುರುತೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು.

"ಸಾರ್, ಅದು ಅಮಾವಾಸ್ಯೆಯದು. ಇನ್ನೊಂದು?" ಎಂದೆ, ಕನ್ನಡದಲ್ಲಿ.

ಅವರು ನನ್ನ ಕಡೆ ತಿರುಗಲಿಲ್ಲ. ಹುಡುಗ ಹೊರಗೆ ಕಾಯಲಿ ಎಂದು ಇಂಗ್ಲಿಷಿನಲ್ಲಿಯೇ ಮ್ಯಾನೇಜರಿಗೆ ಹೇಳಿದರು.

ಬಿಡುವು ಸಿಗಲಿಲ್ಲ. ಯಾರ ತೋಳನ್ನು ಅಳೆದದ್ದು ಎಂದು ಗಿರಣಿಯ ಮೇಸ್ತ್ರಿ ಎಲ್ಲರ ಮುಂದೆ ಹೇಳಿದ. "ಏನಮ್ಮಾ, ನಿಂದು ಇರುಂಬು ಕೈಯಂತೆ, ಕಬ್ಬಿಣದ್ದಂತೆ! ನಮ್ಮ ಪಾಲಿನ ನೂಲನ್ನೂ ನೀನೇ ಸುತ್ತು" ಎಂದು ಪಕ್ಕದ ರಾಟೆಯವಳು ಹಂಗಿಸಿದಳಂತೆ. ಊಟಕ್ಕೆ ಅಕ್ಕನ ಜತೆ ಯಾರೂ ಕೂರಲಿಲ್ಲ.

ಮರುದಿನ ಪ್ರಯೋಗಶಾಲೆಗೆ ಹೋಗಿ ಎರಡನೆಯ ಕಾಗದ ಕೇಳಿದೆ. ಮಸಿ ಕಾಗದವನ್ನು ಆಗಿಂದಾಗಲೇ ವಾರ್ನಿಷಿನಲ್ಲಿ ಅದ್ದದಿದ್ದರೆ ಬೆರಳು ತಾಗಿದರೂ ಗೆರೆ ಅಳಿಸಿಹೋಗುತ್ತದೆ. ಅದನ್ನು ನನಗೆ ಕಲಿಸಿದವರು ಅವರೇ.

"ಅದನ್ನು ಅದ್ದಲು ಮರೆತೆ ಕಣಯ್ಯ. ಅಳಿಸಿಹೋಯಿತು" ಎಂದರು, ಇಂಪಾದ ಕನ್ನಡದಲ್ಲಿ. "ಉಳಿದದ್ದನ್ನು ತಾನೆ ತೋರಿಸಲು ಸಾಧ್ಯ?"

ಅವರು ಒಂದು ಕಪ್ಪೆಯ ಕಾಗದವನ್ನು ಸಹ ಅದ್ದಲು ಮರೆತದ್ದನ್ನು ನಾನು ಕಂಡಿರಲಿಲ್ಲ. ಯಾಕೆ ಹಾಗೆ ಮಾಡಿದರೋ ಗೊತ್ತಿಲ್ಲ. ಊಹೆ ಬರೆಯಲು ನನ್ನ ಬಳಿ ಆಧಾರವಿಲ್ಲ. ನಾನು ಬಾಗಿಲು ದಾಟುವಾಗ, "ಶನಿವಾರ ಬರುತ್ತೀ ತಾನೆ?" ಎಂದು ಎಂದಿನ ಅಕ್ಕರೆಯಲ್ಲೇ ಕೇಳಿದರು. ಅದನ್ನು ಮಾತ್ರ ನನ್ನಿಂದ ತಡೆಯಲಾಗಲಿಲ್ಲ. ನೇರ ಮನೆಗೆ ನಡೆದೆ.

ಬೇರೆ ಯಾರನ್ನಾದರೂ ಹಿಡಿದು ಮತ್ತೆ ಅಳೆಸೋಣ ಎಂದು ಅಕ್ಕನಿಗೆ ಹೇಳಿದೆ.

"ಬ್ಯಾಡ ತಂಬಿ. ನನ್ನ ಕೈ ಎಷ್ಟು ಸಲ ಬರೆದರೂ, ಓದಿ ಹೇಳೋರು ಅಂಥೋರೇ ತಾನೆ?"

ಅವಳು ಎದ್ದು ಹೋಗಿ ಅಜ್ಜಿಯ ರಾಟೆಯ ಮುಂದೆ ಕೂತಳು. ಬಲಗೈಗೆ ಬಿಡುವು ಕೊಟ್ಟು, ಎಡಗೈಯಲ್ಲಿ ಹಿಡಿ ತಿರುಗಿಸಲು ನೋಡಿದಳು. ಎಳೆ ಕಡಿಯಿತು. ಗಂಟು ಹಾಕಿ, ಮತ್ತೆ ಎಡಗೈಯಲ್ಲೇ ತಿರುಗಿಸಿದಳು.