ಅತ್ತೆಯ ಕೋಣೆಯಲ್ಲಿ ಟೊಮೆಟೊ

ಎಂಎಸ್ಸಿ ಎರಡನೇ ವರ್ಷದಲ್ಲಿ ನಾನು ಮಣ್ಣಿಲ್ಲದೆ, ಬರೀ ನೀರಿನಲ್ಲಿ, ಮನೆಯೊಳಗೆ ಟೊಮೆಟೊ ಬೆಳೆಸುವ ಪ್ರಾಜೆಕ್ಟ್ ತೆಗೆದುಕೊಂಡೆ. ಡಿಪಾರ್ಟ್‌ಮೆಂಟಿನಲ್ಲಿ ಜಾಗವಿರಲಿಲ್ಲ. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಬೀದಿ ಕಡೆಗೊಂದು ಕೋಣೆ ಇತ್ತು. ಅದರಲ್ಲಿ ಅಪ್ಪನ ಅಕ್ಕ, ನನ್ನ ಸೋದರತ್ತೆ, ಇದ್ದರು. ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವರು ಅಲ್ಲಿಂದಾಚೆಗೆ ಆ ಕೋಣೆ ಬಿಟ್ಟಿರಲಿಲ್ಲ. "ಮೂರು ತಿಂಗಳು ಅಷ್ಟೇ ಅಕ್ಕ, ಆಮೇಲೆ ನಿನ್ ಕೋಣೆ ನಿಂಗೇ," ಎಂದು ಅಪ್ಪ ಹೇಳಿದ್ದು ನೆನಪಿದೆ. ಅತ್ತೆ ಏನೆಂದರು ಎಂಬುದು ನೆನಪಿಲ್ಲ. ಅವರ ಟ್ರಂಕು, ಹಾಸಿಗೆ ಅಡುಗೆಮನೆ ಪಕ್ಕದ ಪ್ಯಾಸೇಜಿಗೆ ಹೋದವು. ಗೂಡಿನಲ್ಲಿದ್ದ ದೇವರ ಪಟಗಳನ್ನು ಮಾತ್ರ ಕದಲಿಸಬೇಡಿ ಎಂದರು. ಶುಕ್ರವಾರ ಬಂದು ದೀಪ ಹಚ್ಚಿಕೊಳ್ಳಲಿ ಎಂದು ನಾನು ಒಪ್ಪಿಗೆ ಕೊಟ್ಟೆ. ಒಪ್ಪಿಗೆ ಕೊಡುವವಳು ನಾನು ಯಾವಾಗ ಆದೆನೋ.

ಆಗಿನ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ನನ್ನ ನೆನಪಿಗಿಂತ ಅದನ್ನೇ ಹೆಚ್ಚು ನಂಬುತ್ತೇನೆ, ಆದರೆ ಅದರಲ್ಲಿ ಎಲೆಗಳ ಸಮಾಚಾರ ಬಿಟ್ಟು ಬೇರೇನೂ ಇಲ್ಲ. ಆರು ಪ್ಲಾಸ್ಟಿಕ್ ಟಬ್ಬು, ತೂತು ಕೊರೆದ ಥರ್ಮೋಕೋಲ್ ಮುಚ್ಚಳ, ಗಾಳಿಯಾಡಿಸಲು ಮೀನಿನ ತೊಟ್ಟಿಯ ಪಂಪು, ಮೇಲೆ ಟ್ಯೂಬ್‌ಲೈಟು. ಗೊಬ್ಬರದ ಲವಣಗಳನ್ನು ಡಿಪಾರ್ಟ್‌ಮೆಂಟಿನಲ್ಲಿ ತೂಗಿ ಪೊಟ್ಟಣ ಕಟ್ಟಿ ತರುತ್ತಿದ್ದೆ. ಅವನ್ನು ಕಲಸಲು ದೊಡ್ಡ ಪಾತ್ರೆ ಬೇಕಿತ್ತು. ಗೀಸರ್ ಬಂದ ಮೇಲೆ ಬಚ್ಚಲುಮನೆಯಲ್ಲಿ ಸುಮ್ಮನೆ ಕೂತಿದ್ದ ತಾಮ್ರದ ಹಂಡೆ ಕಣ್ಣಿಗೆ ಬಿತ್ತು. ತಾಮ್ರಕ್ಕಿಂತ ಶುದ್ಧವಾದ ಪಾತ್ರೆ ಇಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರ ನಂಬಿಕೆ. ಐದು ವರ್ಷ ಸಸ್ಯಶಾಸ್ತ್ರ ಓದಿದ ನನ್ನದೂ ಅದೇ. ಪ್ರತಿ ಶುಕ್ರವಾರ ಅತ್ತೆಯಿಂದ ಹಂಡೆ ತೊಳೆಸುತ್ತಿದ್ದೆ. ಅವರು ಹುಣಸೆಹಣ್ಣು ಹಚ್ಚಿ ತಿಕ್ಕಿ, "ಬಾರೇ, ಮುಖ ನೋಡ್ಕೋಬಹುದು," ಎನ್ನುತ್ತಿದ್ದರು. ಸಂಜೆ ಅದರಲ್ಲಿ ಲವಣ ಕಲಸಿಡುತ್ತಿದ್ದೆ. ಶನಿವಾರ ಬೆಳಿಗ್ಗೆ ಟಬ್ಬುಗಳಿಗೆ ಹೊಸ ನೀರು.

ಮೂರನೇ ವಾರಕ್ಕೆ ಎಳೆ ಎಲೆಗಳು ಹಳದಿ ತಿರುಗಿದವು, ನರಗಳು ಮಾತ್ರ ಹಸಿರು. ಗಿಡದ ಕಾಯಿಲೆ ಹಿಡಿಯುವಾಗ ಮೊದಲು ನೋಡಬೇಕಾದದ್ದು ಯಾವ ಎಲೆ ಎಂದು. ಸಾರಜನಕ ಸಾಲದಿದ್ದರೆ ಗಿಡ ಹಳೆಯ ಎಲೆಯಿಂದ ಕಿತ್ತು ಎಳೆಯದಕ್ಕೆ ಕೊಡುತ್ತದೆ, ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಕಿತ್ತುಕೊಡಲಾಗದು, ಆದ್ದರಿಂದ ಎಳೆ ಎಲೆ ಮೊದಲು ಬಿಳಿಚುತ್ತದೆ. ಊಟಕ್ಕೆ ಕೂತಾಗ ಇದನ್ನು ವಿವರಿಸಿದೆ. ಅಣ್ಣ, ಬಡಿಸುತ್ತಿದ್ದ ಅತ್ತೆಯ ಕಡೆ ತಿರುಗಿ, "ಕೇಳಿಸ್ತಾ ಅತ್ತೆ? ಮುದಿ ಎಲೆ ತಾನಾಗೇ ಬಿಟ್ಕೊಡುತ್ತಂತೆ. ಗಿಡಕ್ಕೂ ತಿಳುವಳಿಕೆ ಇದೆ," ಎಂದ. ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕು ಅವನಿಗೆ ಇನ್ನೊಂದು ಸೌಟು ಹುಳಿ ಹಾಕಿದರು.

ಮೊದಲು ಸೆಕೆಯೆಂದುಕೊಂಡು ಟ್ಯೂಬ್‌ಲೈಟು ಮೇಲೇರಿಸಿದೆ, ಟೇಬಲ್ ಫ್ಯಾನ್ ಇಟ್ಟೆ. ಆಮೇಲೆ ಕಬ್ಬಿಣವನ್ನು ಎರಡರಷ್ಟು ಹಾಕಿದೆ. ಗಿಡ ಇನ್ನೂ ಸೊರಗಿತು. ನೋಟ್‌ಬುಕ್ ತಿರುವಿದಾಗ ಪ್ರತಿ ಮಂಗಳವಾರ ಎಲೆಗಳು ಒಂದು ಹಂತ ಕೆಟ್ಟಿದ್ದವು. ದಿನ ಹಿಂದಕ್ಕೆ ಎಣಿಸಿದೆ. ಶುಕ್ರವಾರ ಏನಾಗುತ್ತದೆ? ಅತ್ತೆ ಕೋಣೆಗೆ ಬರುತ್ತಾರೆ. ಶುಕ್ರವಾರ ನಾನೇನು ಮಾಡುತ್ತೇನೆ ಎಂದು ಕೇಳಿಕೊಳ್ಳಲಿಲ್ಲ. ಮರುವಾರ ಎರಡನೇ ಟಬ್ಬಿನ ಮುಚ್ಚಳದ ಅಂಚಿನಲ್ಲಿ ನಾಲ್ಕೈದು ಕೆಂಪು ಅಕ್ಕಿಕಾಳು ಸಿಕ್ಕವು. ಅಂಗೈಯಲ್ಲಿಟ್ಟುಕೊಂಡು ನೇರವಾಗಿ ಅಡುಗೆಮನೆಗೆ ಹೋದೆ.

"ಇದೇನು ಅತ್ತೆ?"

"ಮಠದಲ್ಲಿ ಕೊಟ್ಟ ಮಂತ್ರಾಕ್ಷತೆ ಕಣೇ. ಒಂದೇ ಸಲ ಹಾಕ್ದೆ. ಬಾಡ್ತಿದ್ವಲ್ಲ, ನಿನ್ ಪರೀಕ್ಷೆ..."

"ಇನ್ನೇನೇನು ಹಾಕಿದೀರಾ? ಅರಿಶಿನ? ಹಾಲು?"

"ಇಲ್ಲ ಕಣೇ. ದೇವರಾಣೆ."

ಅಮ್ಮ ಒಲೆ ಸಣ್ಣ ಮಾಡಿ ಹೇಳಿದಳು: "ಮುತ್ತೈದೆಯರು ಹಾಕೋದು ಅಕ್ಷತೆ. ನಿಮಗ್ಯಾಕೆ ಬೇಕಿತ್ತು ಆ ಉಸಾಬರಿ? ನಿಮ್ ಕೈಗುಣ ನಿಮಗೇ ಗೊತ್ತಿಲ್ವಾ?"

ವಿಜ್ಞಾನದ ವಿದ್ಯಾರ್ಥಿನಿ ನಾನು ಆ ಮಾತನ್ನು ತಡೆಯಬಹುದಿತ್ತು. ತಡೆಯಲಿಲ್ಲ, ಯಾಕೆಂದರೆ ಅದು ನನ್ನ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿತ್ತು.

ಅತ್ತೆಯನ್ನು ಚಾಮರಾಜಪೇಟೆಗೆ, ಚಿಕ್ಕಪ್ಪನ ಮನೆಗೆ ಕಳಿಸೋಣವೆಂದು ಮೊದಲು ಅಂದದ್ದು ಅಮ್ಮ ಎಂದೇ ನನ್ನ ನೆನಪು. ಅಮ್ಮ ಇವತ್ತಿಗೂ, "ನೀನೇ ಅಂದಿದ್ದು, ಗಿಡ ಬದುಕ್ಬೇಕಾದ್ರೆ ಅವರು ಇಲ್ಲಿರಬಾರದು ಅಂತ," ಎನ್ನುತ್ತಾಳೆ. ನೋಟ್‌ಬುಕ್ಕಿನಲ್ಲಿ ನನ್ನ ಕೈಬರಹದ ಒಂದು ಸಾಲಿದೆ: "ಹೊರಗಿನ ಅಂಶವನ್ನು ತೆಗೆಯಲಾಯಿತು." ಆಟೋದಲ್ಲಿ ಟ್ರಂಕನ್ನು ಕಾಲ ಬಳಿ ಇಟ್ಟುಕೊಂಡು ಕೂತ ಅತ್ತೆ, "ಗಿಡಕ್ಕೆ ಹುಷಾರಾದ್ಮೇಲೆ ಹೇಳಿಕಳ್ಸು, ಬರ್ತೀನಿ," ಎಂದರು.

ಹಂಡೆ ತೊಳೆಯುವವರು ಹೋದರು. ಅದನ್ನು ಹೊರಳಿಸಿ ತಿಕ್ಕುವುದು ನನ್ನಿಂದಾಗಲಿಲ್ಲ, ಅಣ್ಣ ಒಲ್ಲೆನೆಂದ. ಬಟ್ಟೆ ನೆನೆಸುವ ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ಲವಣ ಕಲಸತೊಡಗಿದೆ. ಎರಡು ವಾರದಲ್ಲಿ ಹೊಸ ಚಿಗುರು ಹಸಿರಾಗಿಯೇ ಬಂತು. "ನಾನ್ ಹೇಳ್ಲಿಲ್ವಾ?" ಎಂದು ಅಮ್ಮ ಪಕ್ಕದ ಮನೆಯವರನ್ನು ಕರೆದು ತೋರಿಸಿದಳು. ನಾನೂ ಪಕ್ಕದಲ್ಲಿ ನಿಂತು ಎಲೆ ಎತ್ತಿ ತೋರಿಸಿದೆ.

ಅದಕ್ಕೂ ಮೊದಲೇ ಸತ್ತಿದ್ದ ಒಂದು ಗಿಡವನ್ನು ಕಾಗದದಲ್ಲಿ ಒಣಗಿಸಿಟ್ಟಿದ್ದೆ. ಡಿಪಾರ್ಟ್‌ಮೆಂಟಿನಲ್ಲಿ ನನ್ನ ಗೈಡ್ ಅದರ ಬೇರನ್ನು ಮಸೂರದಡಿ ನೋಡಿದರು. ತುದಿಗಳು ಮೊಂಡಾಗಿ, ಕಂದಾಗಿದ್ದವು.

"ಯಾವ ಪಾತ್ರೇಲಿ ಕಲಸ್ತಿದ್ರಿ?"

"ತಾಮ್ರದ ಹಂಡೆ ಸರ್."

"ಉಜ್ಜಿ ಫಳಫಳ ಅನ್ನಿಸಿ?"

"ಹೌದು ಸರ್."

ಅವರು ಮಸೂರ ಕೆಳಗಿಟ್ಟರು. "ಹುಳಿ ಇರೋ ದ್ರಾವಣ, ರಾತ್ರಿಯಿಡೀ ತಾಮ್ರದಲ್ಲಿ. ತಾಮ್ರ ಕರಗಿ ನೀರಿಗಿಳಿಯುತ್ತೆ. ಅದು ಜಾಸ್ತಿಯಾದ್ರೆ ಬೇರು ಸುಟ್ಟು, ಗಿಡ ಕಬ್ಬಿಣ ಹೀರಲ್ಲ. ವಾರವಾರ ವಿಷ ಹಾಕಿ ಔಷಧಿ ಹುಡುಕ್ತಿದ್ರಲ್ಲಮ್ಮ. ಯಾರು ಕಲಿಸಿದ್ರು ನಿಮಗೆ ಸಸ್ಯಶಾಸ್ತ್ರ?" ಹಿಂದೆ ಕೂತಿದ್ದ ಗೆಳತಿಯರು ಕಿಸಕ್ಕೆಂದರು. ಕಲಿಸಿದವರು ಅವರೇ.

ಮನೆಯಲ್ಲಿ ಹೇಳಲಿಲ್ಲ. ನಾಚಿಕೆಗೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಅಷ್ಟರಲ್ಲಿ ನನ್ನ ಮಂಚ, ಪುಸ್ತಕದ ಬೀರು ಆ ಕೋಣೆಗೆ ಬಂದಾಗಿತ್ತು. ಬಾಗಿಲು ಹಾಕಿಕೊಂಡು ಮಲಗುವ ಸುಖ ನನಗೆ ಜೀವನದಲ್ಲಿ ಮೊದಲ ಸಲ ಸಿಕ್ಕಿತ್ತು.

ಪರೀಕ್ಷೆ ಮುಗಿಸಿ, ಫಸ್ಟ್ ಕ್ಲಾಸ್ ಬಂದ ಸಿಹಿ ಕೊಡಲು ಚಾಮರಾಜಪೇಟೆಗೆ ಹೋದೆ. ಚಿಕ್ಕಮ್ಮ ಬಾಗಿಲಲ್ಲೇ ದೂರು ಹೇಳಿದರು: "ನೋಡೇ, ತುಳಸಿಗೊಂದು ಚೊಂಬು ನೀರು ಹಾಕಿ ಅಂದ್ರೂ ಹಾಕಲ್ಲ. ನನ್ ಕೈ ಸರಿಯಿಲ್ಲ ಅಂತಾರೆ. ಪಾತ್ರೆ ತೊಳೆಯೋವಾಗ ಸರಿಯಾಗೇ ಇರುತ್ತೆ." ಅತ್ತೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಗಿಡ ಹಣ್ಣು ಬಿಟ್ವಾ?"

"ಬಿಟ್ವು ಅತ್ತೆ."

"ನಾನ್ ಇಲ್ಲಿಗೆ ಬಂದ್ಮೇಲೆ ತಾನೇ ಚಿಗುರಿದ್ದು?"

"ಹೌದು," ಎಂದೆ. ಅದು ಸುಳ್ಳಲ್ಲ.

ಅವರು ತಲೆಯಾಡಿಸಿದರು. ಚಿಕ್ಕಮ್ಮ ಒಳಗೆ ಹೋಗುವವರೆಗೆ ಕಾದು, ಮೆಲ್ಲಗೆ, "ಓದು ಮುಗೀತಲ್ಲ. ಇನ್ನು ಬಂದ್ಬಿಡ್ಲಾ? ಗಿಡದ ಹತ್ರ ಸುಳಿಯಲ್ಲ," ಎಂದರು.

"ಅಪ್ಪನ್ನ ಕೇಳ್ತೀನಿ."

ಕೇಳಲಿಲ್ಲ. ಅಪ್ಪ ತಾವಾಗಿ ಆ ಮಾತು ಎತ್ತಲೂ ಇಲ್ಲ. ಮತ್ತೆ ಹೋದದ್ದು ದೀಪಾವಳಿಗೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ಕೈ ಹಿಡಿದು, "ನಿಮ್ಮಪ್ಪಂಗೆ ಇಷ್ಟ ಇಲ್ವೇನೋ. ನನಗೋಸ್ಕರ ನೀನು ಜಗಳ ಆಡ್ಬೇಡ, ಆಯ್ತಾ?" ಎಂದರು.

"ಆಯ್ತು ಅತ್ತೆ, ಆಡಲ್ಲ," ಎಂದೆ.