ಅಂತೆ ಇಲ್ಲದ ಮಾತು

ಮುಅಲ್ಲಾ ಅಂಕಾರಾದಲ್ಲಿ ಶಾಲೆಯ ಚರಿತ್ರೆ ಪುಸ್ತಕಗಳ ಕರಡು ತಿದ್ದುತ್ತಿದ್ದಳು. ತುರ್ಕಿ ಭಾಷೆಯಲ್ಲೂ ಕಂಡದ್ದಕ್ಕೆ 'ಆಯಿತು', ಕೇಳಿದ್ದಕ್ಕೆ 'ಆಯಿತಂತೆ'. ರಾಷ್ಟ್ರದ ಚರಿತ್ರೆಯಲ್ಲಿ ಅಂತೆಗೆ ಜಾಗವಿಲ್ಲವೆಂದು ಇಪ್ಪತ್ತು ವರ್ಷ ಅವಳ ಕೆಂಪು ಪೆನ್ನು ಅಂತೆಗಳನ್ನೆಲ್ಲ ಹೊಡೆದುಹಾಕುತ್ತ ಬಂದಿತ್ತು.

ಅವಳ ಅಜ್ಜಿ ಹಾಜೆರ್ ಮಾತ್ರ ಅಂತೆಯಲ್ಲೇ ಕಥೆ ಹೇಳುವವಳು. ಒಬ್ಬಳು ಹುಡುಗಿ ಇದ್ದಳಂತೆ, ಮೊದಲ ಮಹಾಯುದ್ಧದ ಕಾಲಕ್ಕೆ ಸಿಪಾಯಿಗಳು ಬಂದು ಅವಳ ಊರಿನ ಅರ್ಮೇನಿಯನ್ನರನ್ನೆಲ್ಲ ಹೊರಡಿಸಿದರಂತೆ, ಹೋದವರು ಯಾರೂ ತಿರುಗಿ ಬರಲಿಲ್ಲವಂತೆ, ಅವಳೊಬ್ಬಳು ಹಿಟ್ಟಿನ ಪೆಟ್ಟಿಗೆಯಲ್ಲಿ ಅಡಗಿ ಉಳಿದಳಂತೆ, ತುರ್ಕಿ ಮನೆಯವರು ಅವಳನ್ನು ಸಾಕಿ ಹೊಸ ಹೆಸರಿಟ್ಟರಂತೆ. ಚಿಕ್ಕಂದಿನಲ್ಲಿ ಮುಅಲ್ಲಾ ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದಳು.

ಎಂಬತ್ತು ದಾಟಿದ ಅಜ್ಜಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಮುಅಲ್ಲಾ ಬೇಳೆಯ ಸಾರು ಕುಡಿಸುತ್ತಿದ್ದಾಗ ಅಜ್ಜಿ, "ಪೆಟ್ಟಿಗೆ ಮುಚ್ಚಳ ನಮ್ಮಮ್ಮಾನೇ ಮುಚ್ಚಿದ್ಲು ಕಣೇ," ಎಂದಳು. "ಸಂದೀಲಿ ನೋಡ್ತಾ ಇದ್ದೆ. ಹೊರಟೋಳು ತಿರುಗಿ ನೋಡ್ಲೇ ಇಲ್ಲ."

ಮುಅಲ್ಲಾಳ ಕೈಯ ಚಮಚ ಅಲ್ಲೇ ನಿಂತಿತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಕಚೇರಿಯ ಮಾತೇ. "ಯಾರು ಹೇಳಿದ್ರು ಅಜ್ಜಿ ನಿಂಗೆ? ಇದಕ್ಕೇನು ಆಧಾರ?"

ಅಜ್ಜಿ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಓದಿದೋಳು ನೀನು, ನಿಂಗೇ ಚೆನ್ನಾಗಿ ಗೊತ್ತು. ಯಾರೋ ಹೇಳಿದ್ರಂತೆ, ಬಿಡು," ಎಂದು ಗೋಡೆಯ ಕಡೆ ಹೊರಳಿದಳು.

ಆಮೇಲೆ ಮುಅಲ್ಲಾ ಕಾಲು ಹಿಡಿದು ಕೇಳಿದಳು, ಅತ್ತು ಕೇಳಿದಳು. ಅಜ್ಜಿ ಬಾಯಿ ಬಿಡಲಿಲ್ಲ. ಹತ್ತನೆಯ ದಿನ ತೀರಿಕೊಂಡಳು. ಆ ತಾಯಿ ತನ್ನ ಮಗಳನ್ನು ಯಾವ ಹೆಸರಿನಿಂದ ಕರೆಯುತ್ತಿದ್ದಳೋ, ಇನ್ನು ಯಾರಿಗೂ ತಿಳಿಯುವ ಹಾಗಿಲ್ಲ.